ಡ್ರೈವರಿಗೆ ಮಂಚ ಇದೆಯಾ

ನಮ್ಮ ಯಜಮಾನರು ಜೋಗಕ್ಕೆ ಒಂಬತ್ತು ಸಲ ಹೋಗಿ ಬಂದವರು. ನೀರು ಬೀಳುವುದನ್ನು ಒಂದು ಸಲವೂ ನೋಡಿದವರಲ್ಲ. ಹೀಗೆಂದರೆ ಕೇಳಿದವರು ನಗುತ್ತಾರೆ. ಮದುವೆಯಾದ ಹೊಸದರಲ್ಲಿ ನಾನೂ ನಕ್ಕಿದ್ದೆ. ಅವರು ಪೀಣ್ಯದ ಕಾರ್ಖಾನೆಗಳ ಶಿಫ್ಟ್ ಬಸ್ಸು ಓಡಿಸುತ್ತಿದ್ದರು. ವಾರವೆಲ್ಲ ಎಂಟನೇ ಮೈಲಿ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸಿನಲ್ಲಿ ಕೆಲಸದವರನ್ನು ಹತ್ತಿಸಿಕೊಂಡು ಗೇಟಿನ ಮುಂದೆ ಇಳಿಸುವುದು, ವರ್ಷಕ್ಕೊಂದೆರಡು ಸಲ ಅದೇ ಬಸ್ಸಿನಲ್ಲಿ ಅದೇ ಜನರನ್ನು ಟೂರಿಗೆ ಕರೆದುಕೊಂಡು ಹೋಗುವುದು. ಜನ ಇಳಿದು ಜಲಪಾತದ ಕಡೆ ಓಡುತ್ತಾರೆ, ಡ್ರೈವರು ಬಸ್ಸಿನಲ್ಲೇ ಇರುತ್ತಾನೆ. ನಲವತ್ತು ಜನರ ಬ್ಯಾಗು, ಚಪಾತಿ ಡಬ್ಬಿ, ಮಕ್ಕಳ ಸ್ವೆಟರು ಎಲ್ಲ ಸೀಟಿನ ಮೇಲೆ ಬಿದ್ದಿರುತ್ತವಲ್ಲ, ಅವನ್ನು ಕಾಯುವವರು ಯಾರು? ರಾತ್ರಿ ಜನ ಲಾಡ್ಜಿನಲ್ಲಿ ಮಲಗಿದರೆ ಡ್ರೈವರು ಹಿಂದಿನ ಉದ್ದ ಸೀಟಿನಲ್ಲಿ ಮಲಗುತ್ತಾನೆ. ಇದನ್ನು ಯಾರೂ ಎಲ್ಲೂ ನಿಯಮ ಅಂತ ಬರೆದಿಟ್ಟಿಲ್ಲ. ಬರೆಯುವ ಅಗತ್ಯ ಯಾರಿಗೂ ಕಂಡಿಲ್ಲ.

ಹಾಗಾಗಿ ನಮ್ಮವರಿಗೆ ಕರ್ನಾಟಕದ ಎಲ್ಲ ಪ್ರೇಕ್ಷಣೀಯ ಸ್ಥಳಗಳೂ ಗೊತ್ತು, ಪಾರ್ಕಿಂಗ್ ಜಾಗದ ಮಟ್ಟಿಗೆ. ಎಲ್ಲಿ ನೆರಳಿದೆ, ಎಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ, ಎಲ್ಲಿ ಕೋತಿ ವೈಪರ್ ಕಿತ್ತುಕೊಂಡು ಹೋಗುತ್ತದೆ ಅಂತ ಕೇಳಿ, ಒಂದೂ ತಪ್ಪದೆ ಹೇಳುತ್ತಾರೆ. ನೋಟ ಹೇಗಿತ್ತು ಅಂತ ಕೇಳಿದರೆ ಮಾತ್ರ, ಬಸ್ಸಿಗೆ ವಾಪಸು ಬಂದವರು ಏನು ಹೇಳಿದರೋ ಅದನ್ನೇ ಹೇಳುತ್ತಿದ್ದರು. ಅವರಿಗೆ ಅದರ ಬಗ್ಗೆ ಬೇಸರವೇನೂ ಇದ್ದಂತಿರಲಿಲ್ಲ. ಬೇಸರವೆಲ್ಲ ನನ್ನದು.

ನಾನು ಒಂದು ಗಾರ್ಮೆಂಟ್ಸಿನ ಚೆಕಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಹೊಲಿದು ಬಂದ ಶರ್ಟನ್ನು ಬೆಳಕಿಗೆ ಹಿಡಿದು, ದಾರ ಎಲ್ಲಿ ಸಡಿಲ, ಗುಂಡಿ ಎಲ್ಲಿ ವಾರೆ ಅಂತ ಹುಡುಕಿ ಅಲ್ಲೊಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ನನ್ನ ಕೆಲಸ. ದಿನಕ್ಕೆ ನೂರಾರು ಶರ್ಟು. ಹೀಗೆ ಬದುಕಿದವಳಿಗೆ ಮನೆಯಲ್ಲೂ ತಪ್ಪೇ ಮೊದಲು ಕಣ್ಣಿಗೆ ಬೀಳುತ್ತದೆ, ಬಿದ್ದ ಮೇಲೆ ಬಾಯಿ ಸುಮ್ಮನಿರುವುದಿಲ್ಲ. ಇಷ್ಟೆಲ್ಲ ಕಣ್ಣು ನೆಟ್ಟು ನೋಡುವ ನನಗೆ, ನಮ್ಮವರ ಕಣ್ಣು ಹೋಗುತ್ತಿರುವುದು ಮಾತ್ರ ಗೊತ್ತೇ ಆಗಲಿಲ್ಲ.

ಒಂದು ದಿನ ಶೆಡ್ಡಿಗೆ ಬಸ್ಸು ಹಾಕುವಾಗ ಎಡಗಡೆ ಕನ್ನಡಿ ಗೇಟಿನ ಕಂಬಕ್ಕೆ ತಗುಲಿ ಒಡೆಯಿತು. ಬಸ್ಸು ಖಾಲಿ ಇತ್ತು, ಯಾರಿಗೂ ಏನೂ ಆಗಲಿಲ್ಲ. ಆದರೆ ಅವರು ಕೆಳಗಿಳಿದು ಆ ಕಂಬವನ್ನು ಮುಟ್ಟಿ ನೋಡಿ, ಕೀಲಿಯನ್ನು ಮ್ಯಾನೇಜರರ ಮೇಜಿನ ಮೇಲಿಟ್ಟು ಮನೆಗೆ ನಡೆದುಕೊಂಡು ಬಂದರು. ಕಂಬ ಅಲ್ಲಿರುವುದೇ ತನಗೆ ಕಾಣಲಿಲ್ಲ ಅಂದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗುವ ಕಾಯಿಲೆಯಂತೆ. ನೋವಿಲ್ಲ, ಕೆಂಪಾಗುವುದಿಲ್ಲ. ಅಕ್ಕಪಕ್ಕದ ನೋಟ ಮೊದಲು ಹೋಗುತ್ತದೆ, ಆಮೇಲೆ ಸುತ್ತಲಿನಿಂದ ಕತ್ತಲು ಒಳಗೊಳಗೆ ಬರುತ್ತದೆ. ಅಷ್ಟು ಹೊತ್ತಿಗೆ ಅವರಿಗೆ ಪೈಪಿನೊಳಗಿಂದ ನೋಡಿದಷ್ಟು ಮಾತ್ರ ಉಳಿದಿತ್ತು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ನಯವಾಗಿ ಮಾತಾಡುವವರು, ಆದರೆ ಮುಚ್ಚಿಡುವವರಲ್ಲ. "ಹೋಗಿರೋದು ವಾಪಸ್ ಬರಲ್ಲಮ್ಮ. ಡ್ರಾಪ್ಸ್ ಹಾಕಿದ್ರೆ ನಿಧಾನ ಆಗತ್ತೆ ಅಷ್ಟೆ," ಅಂದರು. "ಏನಾದ್ರೂ ನೋಡ್ಬೇಕು ಅಂತಿದ್ರೆ ಈ ವರ್ಷವೇ ನೋಡ್ಕೊಂಡ್ ಬಂದ್ಬಿಡಿ."

ನಾಗಸಂದ್ರ ಮೆಟ್ರೊ ಸ್ಟೇಷನ್ನಿನ ಹಿಂದೆ, ಎರಡು ಬೀದಿ ದಾಟಿದರೆ ನಮ್ಮ ಮನೆ. ಆ ಸಂಜೆ ಬಾಗಿಲಲ್ಲಿ ಕೂತು, ಏನು ನೋಡಬೇಕು ಹೇಳಿ ಅಂತ ಕೇಳಿದೆ. ಜೋಗ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಗುಂಡ್ಲುಪೇಟೆ ಆಚೆಯ ಗೋಪಾಲಸ್ವಾಮಿ ಬೆಟ್ಟ. ಅಲ್ಲಿಗೂ ಆರು ಸಲ ಹೋಗಿದ್ದರು, ಬುಡದವರೆಗೆ. "ಮ್ಯಾಲೆ ನಿಂತ್ಕಂಡ್ರೆ ಮೋಡ ಕಾಲ್ ಕೆಳಗೆ ಓಗ್ತದಂತೆ ಕಣೆ," ಅಂದರು. "ಬಸ್ಸಿಗೆ ವಾಪಸ್ ಬಂದೋರೆಲ್ಲ ಅದ್ನೇ ಯೋಳೋರು. ಮೋಡನ ಮ್ಯಾಲಿಂದ ನೋಡೋದು ಎಂಗಿರ್ತದೋ."

ನಮ್ಮವರು ಬಾಯಿಬಿಟ್ಟು ಇಂಥದ್ದು ಬೇಕು ಅಂದಿದ್ದು ಅದೇ ಮೊದಲು. ನನಗೆ ಒಳಗೆ ಏನೋ ಹತ್ತಿಕೊಂಡಿತು. ಹೇಗಾದರೂ ಮಾಡಿ ಇದನ್ನು ತೋರಿಸಿಯೇ ತೀರಬೇಕು ಅಂತ ಹಟ ಹಿಡಿದೆ. ಮೂರು ದಿನ, ಎರಡು ರಾತ್ರಿ. ಮೊದಲ ದಿನ ಶಿವನಸಮುದ್ರದ ಜಲಪಾತ, ಎರಡನೇ ದಿನ ಯಳಂದೂರು, ಚಾಮರಾಜನಗರದ ಮೇಲೆ ಹೂವಿನ ಹೊಲಗಳ ದಾರಿ, ಮೂರನೇ ದಿನ ಬೆಟ್ಟ. ದಾರಿ ಸಲೀಸಾಗಿ ಗೊತ್ತಾಯಿತು. ಗೊತ್ತಾಗದೆ ಉಳಿದದ್ದು, ಆ ಎರಡು ರಾತ್ರಿ ಎಲ್ಲಿ ಉಳಿಯುವುದು ಎಂಬುದು.

ಗಾಡಿ ಓಡಿಸಲು ಅವರ ಹಳೆಯ ಜೊತೆಗಾರ ಒಪ್ಪಿಕೊಂಡಿದ್ದ. ಬಾಗಲಕೋಟೆ ಕಡೆಯವನು, ನಲವತ್ತೈದು ದಾಟಿದವನು. ಮೊದಲು ನಮ್ಮವರ ಜೊತೆಯಲ್ಲೇ ಶಿಫ್ಟ್ ಬಸ್ಸು ಓಡಿಸುತ್ತಿದ್ದ. ಈಗ ಕುಂದಲಹಳ್ಳಿಯಲ್ಲಿ ರೂಮು ಮಾಡಿಕೊಂಡು, ವೈಟ್‌ಫೀಲ್ಡಿನ ಕಂಪನಿಯವರನ್ನು ಪಿಕಪ್ಪು, ಡ್ರಾಪು ಮಾಡುತ್ತಾನೆ. ಸ್ವಂತದ್ದೊಂದು ಹಳೆಯ ವ್ಯಾನಿದೆ. ಎರಡು ಬಸ್ಸಿನ ಟೂರು ಹೊರಟಾಗಲೆಲ್ಲ ಇವರಿಬ್ಬರೇ ಹೋಗುತ್ತಿದ್ದದ್ದು. ಒಂದು ಸಲ ಯಾವುದೋ ಬೆಟ್ಟದ ಮೇಲೆ, ಧನುರ್ಮಾಸದ ಚಳಿಯಲ್ಲಿ ನಮ್ಮವರಿಗೆ ಜ್ವರ ಬಂದು, ಅವನು ತನ್ನ ಬಸ್ಸಿನ ಕಿಟಕಿ ಪರದೆಗಳನ್ನೆಲ್ಲ ಬಿಚ್ಚಿ ತಂದು ಹೊದಿಸಿ ರಾತ್ರಿಯೆಲ್ಲ ಕೂತಿದ್ದನಂತೆ. ಇಪ್ಪತ್ತು ಹೆಜ್ಜೆ ದೂರದ ಲಾಡ್ಜಿನಲ್ಲಿ ಎಂಬತ್ತು ಜನ ಮಲಗಿದ್ದರು. ಬೆಳಗ್ಗೆ ಬಸ್ಸು ಹೊರಡುವುದು ಅರ್ಧ ಗಂಟೆ ತಡವಾಯಿತು ಅಂತ ಅವರೆಲ್ಲ ಗೊಣಗಿದರಂತೆ. ಆ ಎಂಬತ್ತು ಜನರಲ್ಲಿ ನಾನಿರಲಿಲ್ಲ ಅನ್ನುವುದೊಂದೇ ನನ್ನ ಪುಣ್ಯ.

ನಾನು ಮೊಬೈಲಿನಲ್ಲಿ ಫೋಟೊ ನೋಡಿ ಜಾಗ ಆರಿಸುತ್ತಿದ್ದೆ. ಕಿಟಕಿ ತೆಗೆದರೆ ಬೆಟ್ಟ ಕಾಣಬೇಕು, ಹೊಳೆ ಕಾಣಬೇಕು. ನಮ್ಮವರಿಗೆ ಬೆಳಗ್ಗೆ ಎದ್ದ ಹೊತ್ತಿನಲ್ಲಿ ಕಣ್ಣು ಸ್ವಲ್ಪ ಚುರುಕು, ಸಂಜೆಯಾದರೆ ಮಂಕು. ಆದ್ದರಿಂದ ಎದ್ದು ಕೂತಲ್ಲೇ ನೋಟ ಸಿಗಬೇಕು ಎಂಬುದು ನನ್ನ ಲೆಕ್ಕಾಚಾರ. ನಾನು ಆರಿಸಿಕೊಟ್ಟ ಜಾಗಕ್ಕೆಲ್ಲ ಅವರೇ ಫೋನು ಹಚ್ಚುತ್ತಿದ್ದರು. ರೂಮು ಹೇಗಿದೆ, ಬಿಸಿನೀರು ಉಂಟಾ, ಊಟ ಸಿಗುತ್ತಾ, ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಅವರದು ಒಂದೇ ಪ್ರಶ್ನೆ. "ಸಾರ್, ಡ್ರೈವರ್‌ಗೆ ಮಂಚ ಇದ್ಯಾ?"

ಆ ಕಡೆಯವರಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಪಾರ್ಕಿಂಗ್ ದೊಡ್ಡದಿದೆ ಅನ್ನುತ್ತಿದ್ದರು. ಡ್ರೈವರ್‌ಗಳು ಗಾಡಿಯಲ್ಲೇ ಮಲಗುತ್ತಾರೆ ಸಾರ್, ಯಾರೂ ಕೇಳಲ್ಲ ಅನ್ನುತ್ತಿದ್ದರು. ಒಂದು ಕಡೆ, ಸೆಕ್ಯುರಿಟಿಯವರ ಶೆಡ್ಡಿನಲ್ಲಿ ಚಾಪೆ ಹಾಕಿಕೊಡುತ್ತೇವೆ ಅಂದರು. ಇನ್ನೊಂದು ಕಡೆ, ಬೇರೆ ರೂಮನ್ನೇ ತಗೊಳ್ಳುತ್ತೇವೆ ಅಂದದ್ದಕ್ಕೆ, ಗೆಸ್ಟ್ ರೂಮಿನಲ್ಲಿ ಡ್ರೈವರನ್ನು ಬಿಡುವುದಿಲ್ಲ, ಬೇರೆ ಗೆಸ್ಟು ತಕರಾರು ಮಾಡುತ್ತಾರೆ ಅಂದರು. ನಮ್ಮವರು ಯಾರ ಮೇಲೂ ರೇಗಲಿಲ್ಲ. ಆಯ್ತು ಸಾರ್ ಅಂತ ಫೋನು ಇಟ್ಟು, ನಾನು ಬರೆದಿದ್ದ ಹಾಳೆಯಲ್ಲಿ ಆ ಹೆಸರಿನ ಮೇಲೆ ಒಂದು ಗೀಟು ಎಳೆಯುತ್ತಿದ್ದರು. ಹಾಳೆಗೆ ಮೂಗು ತಾಗಿಸುವಷ್ಟು ಬಗ್ಗಿ ಗೀಟು ಎಳೆಯುವುದನ್ನು ನೋಡುತ್ತಿದ್ದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಕಣ್ಣಿರುವುದು ಇಷ್ಟು, ಅದರಲ್ಲಿ ನೋಡಬೇಕಾದದ್ದನ್ನೆಲ್ಲ ಈ ಮನುಷ್ಯ ಒಂದೊಂದಾಗಿ ಹೊಡೆದುಹಾಕುತ್ತಿದ್ದಾರಲ್ಲ ಅಂತ.

ಕಡೆಗೆ ಉಳಿದದ್ದು ಎರಡು. ಮೊದಲ ರಾತ್ರಿಗೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜು, ಎರಡನೆಯದಕ್ಕೆ ಗುಂಡ್ಲುಪೇಟೆಯಲ್ಲಿ ಅಂಥದ್ದೇ ಇನ್ನೊಂದು. ಎರಡು ಕಡೆಯೂ, ಡ್ರೈವರ್ ಆದ್ರೇನು ಯಾರಾದ್ರೇನು, ರೂಮ್ ತಗೊಂಡ್ರೆ ಮಂಚ ಇರುತ್ತೆ ಅಂದಿದ್ದರಂತೆ. ಕಿಟಕಿ ಎತ್ತ ಕಡೆ ಅಂತ ನಾನು ಕೇಳಿದೆ. ಅದನ್ನು ಅವರು ವಿಚಾರಿಸಿಯೇ ಇರಲಿಲ್ಲ.

ಭಾದ್ರಪದದ ಒಂದು ಶುಕ್ರವಾರ ಹೊರಟೆವು. ಪೀಣ್ಯದ ಹೊಗೆ, ತುಮಕೂರು ರಸ್ತೆಯ ಲಾರಿಗಳನ್ನು ದಾಟಿ ನೈಸ್ ರಸ್ತೆ ಹಿಡಿದ ಮೇಲೆ ನಮ್ಮವರು ಸ್ವಲ್ಪ ಸಡಿಲಾದರು. ಮುಂದೆ ಡ್ರೈವರನ ಪಕ್ಕದಲ್ಲಿ ಕೂತಿದ್ದರು. ಬಲಗಾಲು ಬ್ರೇಕ್ ಹುಡುಕುತ್ತಲೇ ಇತ್ತು. ಮಳವಳ್ಳಿ ದಾಟುವವರೆಗೂ ಅವರಿಬ್ಬರೂ ಸಿಕ್ಕ ಸಿಕ್ಕ ಹೋಟೆಲಿನ ಪಾರ್ಕಿಂಗ್ ಬಗ್ಗೆ ಮಾತಾಡಿದರು. ಇದಕ್ಕೇನಾ ನಾನು ಇಷ್ಟು ಒದ್ದಾಡಿದ್ದು ಅಂತ ಹಿಂದೆ ಕೂತು ಬೈದುಕೊಂಡೆ.

ಶಿವನಸಮುದ್ರದ ಗಗನಚುಕ್ಕಿಯಲ್ಲಿ ವ್ಯಾನಿಗೆ ಬೀಗ ಹಾಕಿಸಿ ಇಬ್ಬರನ್ನೂ ಕಟಕಟೆಯವರೆಗೆ ಎಳೆದುಕೊಂಡು ಹೋದೆ. ನೀರು ತುಂಬಿತ್ತು, ಮೈಮೇಲೆ ಹನಿ ಹಾರುತ್ತಿತ್ತು. ನಮ್ಮವರಿಗೆ ಒಂದೇ ಸಲಕ್ಕೆ ಎಲ್ಲ ಕಾಣುವುದಿಲ್ಲ. ತಲೆಯನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸುತ್ತ, ಒಂದು ಧಾರೆ ನೋಡಿ, ಬಿಟ್ಟು, ಪಕ್ಕದ ಧಾರೆ ನೋಡಿ, ಮತ್ತೆ ಮೊದಲಿನದಕ್ಕೆ ಬರುತ್ತಿದ್ದರು. ಗೋಡೆಗೆ ಸುಣ್ಣ ಬಳಿಯುವವರು ಪಟ್ಟೆ ಪಟ್ಟೆಯಾಗಿ ಬಳಿದುಕೊಂಡು ಹೋಗುವ ಹಾಗೆ. ಅವರ ಜೊತೆಗಾರ ಬಾಯಿ ತೆರೆದುಕೊಂಡು ನಿಂತಿದ್ದ. ಅವನೂ ಇಲ್ಲಿಗೆ ಹಲವು ಸಲ ಬಂದು, ನೀರಿನ ಸದ್ದು ಮಾತ್ರ ಕೇಳಿ ಹೋದವನೇ. ಮುಕ್ಕಾಲು ಗಂಟೆ ಅಲ್ಲೇ ನಿಂತೆವು. ನನ್ನ ಕಣ್ಣು ತುಂಬಿ ಬಂತು. ಇವರಿಬ್ಬರ ಆಯಸ್ಸೆಲ್ಲ ಇಂಥ ಜಾಗಗಳ ಹೊರಗೆ ಬಾನೆಟ್ಟಿಗೆ ಒರಗಿಕೊಂಡೇ ಕಳೆಯಿತಲ್ಲ ಅಂತ ದುಃಖವಾಯಿತು.

ಕೊಳ್ಳೇಗಾಲದ ಲಾಡ್ಜಿನಲ್ಲಿ ನಮ್ಮವರು ಮೊದಲು ಹೋದದ್ದು ಡ್ರೈವರನ ರೂಮಿಗೆ. ಹಾಸಿಗೆಯನ್ನು ಅಂಗೈಯಲ್ಲಿ ಒತ್ತಿ, ದಿಂಬು ತಟ್ಟಿ, ಫ್ಯಾನು ಹಾಕಿ ನೋಡಿ ತಲೆಯಾಡಿಸಿದರು. ನಮ್ಮ ರೂಮಿನ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಅದರ ಮೇಲೆ ಒಂದು ನೀರಿನ ಪೈಪು. ಬೆಳಗ್ಗೆ ಚುರುಕು ಕಣ್ಣಿನ ಆ ಒಂದು ಗಂಟೆ ಅವರು ಆ ಗೋಡೆ ನೋಡುತ್ತ ಕಾಫಿ ಕುಡಿದರು. ಎಷ್ಟು ನಿಶ್ಚಿಂತೆಯಾಗಿ ಕುಡಿದರು ಅಂದರೆ, ನನಗೆ ಸಿಟ್ಟು ನೆತ್ತಿಗೇರಿತು.

ಅಲ್ಲಿ ನಾನು ತಪ್ಪು ಮಾಡಿದೆ. ಹೇಳಿಬಿಡುತ್ತೇನೆ, ಸಿಟ್ಟಿನ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ಅವರು ಸ್ನಾನಕ್ಕೆ ಹೋದಾಗ, ಹಾಳೆಯಲ್ಲಿ ಗೀಟು ಬಿದ್ದಿದ್ದ ಒಂದು ರೆಸಾರ್ಟಿಗೆ ಫೋನು ಮಾಡಿದೆ. ಬೆಟ್ಟದ ಎದುರಿಗೇ ಇರುವ ಜಾಗ, ಮಂಚದ ಮೇಲೆ ಕೂತರೆ ಗಾಜಿನಾಚೆ ಬೆಟ್ಟದ ಸಾಲು. ಒಂದೇ ಒಂದು ರೂಮು ಉಳಿದಿತ್ತು. ಡ್ರೈವರಿಗೆ ಮಾತ್ರ ಹಿಂದಿನ ಉತ್ತರವೇ, ಗಾಡಿಯಲ್ಲೇ ಮಲಗಬೇಕು. ನಾನು ಹೂಂ ಅಂದೆ. ಆಮೇಲೆ ಕೆಳಗಿಳಿದು, ಗಾಜು ಒರೆಸುತ್ತಿದ್ದ ಡ್ರೈವರನ ಹತ್ತಿರ ಹೋಗಿ ವಿಷಯ ಹೇಳಿದೆ. ಇವರು ಮಲಗಿದ ಮೇಲೆ ಒಂದು ರಾತ್ರಿ ವ್ಯಾನಿನಲ್ಲಿ ಹೊಂದಿಸಿಕೊಳ್ಳಿ, ಅವರಿಗೆ ಗೊತ್ತಾಗುವುದು ಬೇಡ ಅಂತ ಕೇಳಿಕೊಂಡೆ. ಅವನು ಒಂದು ಕ್ಷಣವೂ ತಡೆಯಲಿಲ್ಲ. "ಅದಕ್ಕೇನ್ರಿ ಅಕ್ಕಾರ. ಅಣ್ಣಾರು ಗುಡ್ಡ ನೋಡ್ಲಿ. ನಮಗ ಇದು ರೂಢಿ ಐತಿ," ಅಂದ.

ರೂಢಿ ಐತಿ ಅಂದದ್ದು ಕಿವಿಗೆ ಬಿದ್ದರೂ ನಾನು ಹಿಂದೆ ಸರಿಯಲಿಲ್ಲ. ನಮ್ಮವರಿಗೆ, ಗುಂಡ್ಲುಪೇಟೆ ಲಾಡ್ಜಿನಲ್ಲಿ ಮದುವೆ ಗುಂಪು ಬಂದಿದೆಯಂತೆ, ಬೇರೆ ಜಾಗ ಮಾಡಿದ್ದೇನೆ ಅಂದೆ. ನಿರೀಕ್ಷಿಸಿದ್ದ ಪ್ರಶ್ನೆಯನ್ನೇ ಕೇಳಿದರು. ಇದೆ, ಹಿಂದುಗಡೆ ಡ್ರೈವರ್‌ಗಳಿಗೆ ಅಂತಲೇ ರೂಮಿದೆ, ಮಂಚವೂ ಇದೆ ಅಂದೆ. ಎಂಥ ಮಂಚ ಅಂತ ಕೇಳಿದರು. ಕಬ್ಬಿಣದ್ದು ಅಂದೆ. ಒಂದು ಸುಳ್ಳಿಗೆ ಕಾಲು ಕೊಡಲು ಹೋಗಿ ಮಂಚಕ್ಕೂ ಕಾಲು ಕೊಟ್ಟೆ.

ಆ ದಿನದ ದಾರಿ ಚೆನ್ನಾಗಿತ್ತು. ಚಾಮರಾಜನಗರ ದಾಟಿದ ಮೇಲೆ ಎರಡು ಕಡೆಯೂ ಚೆಂಡುಹೂವಿನ ಹೊಲ. ನಮ್ಮವರು ಇಳಿದು ಹೊಲದ ಅಂಚಿನಲ್ಲಿ ನಿಂತು, ಒಂದು ಹೂವನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಸಂಜೆ ರೆಸಾರ್ಟಿಗೆ ಮುಟ್ಟುವ ಹೊತ್ತಿಗೆ ಬೆಳಕು ಕಡಿಮೆಯಾಗಿ ಅವರಿಗೆ ಬೆಟ್ಟ ಕಾಣಲಿಲ್ಲ. ಪರವಾಗಿಲ್ಲ, ಬೆಳಗ್ಗೆ ಇದೆಯಲ್ಲ ಅಂತ ನಾನು ಒಳಗೊಳಗೇ ಹಿಗ್ಗಿದೆ. ಡ್ರೈವರನ ರೂಮು ನೋಡಬೇಕು ಅಂದರು. ಹಿಂದುಗಡೆ ಕತ್ತಲು, ಕಾಲು ಎಡವುತ್ತೆ, ನಾನೇ ನೋಡಿ ಬಂದಿದ್ದೇನೆ ಅಂದೆ. ನಂಬಿದರು. ಮೂವತ್ತು ವರ್ಷದಿಂದ ನಂಬಿದ ಹಾಗೆಯೇ ನಂಬಿದರು.

ಬೆಳಗ್ಗೆ ಆರಕ್ಕೆ ನನಗೆ ಎಚ್ಚರವಾದಾಗ ಅವರ ಹಾಸಿಗೆ ಖಾಲಿ ಇತ್ತು. ಪರದೆ ಸರಿಸಿದೆ. ಎದುರಿಗೆ ಬೆಟ್ಟದ ಸಾಲು, ಒಂದು ತುಣುಕು ಮೋಡವಿಲ್ಲದೆ, ಬಂಡೆ ಬಂಡೆಯೂ ಎಣಿಸುವಷ್ಟು ಸ್ಪಷ್ಟ. ಅವರು ಹುಲ್ಲಿನ ಮೇಲೆ ನಿಂತು ಇದನ್ನೇ ನೋಡುತ್ತಿರಬೇಕು ಅಂದುಕೊಂಡು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. ಹುಲ್ಲಿನ ಮೇಲೆ ಯಾರೂ ಇರಲಿಲ್ಲ.

ಅವರು ವ್ಯಾನಿನಲ್ಲಿದ್ದರು. ಮುಂದಿನ ಸೀಟಿನಲ್ಲಿ, ಹಿಂದಕ್ಕೆ ತಿರುಗಿ ಕೂತಿದ್ದರು. ಮಧ್ಯದ ಸೀಟಿನಲ್ಲಿ ಡ್ರೈವರು ಮಂಡಿ ಎದೆಗೆ ಸೇರಿಸಿಕೊಂಡು ಮಲಗಿದ್ದ, ಟವೆಲು ಹೊದ್ದುಕೊಂಡು. ಅದರ ಮೇಲೆ ನಮ್ಮ ರೂಮಿನ ಕಂಬಳಿ ಬಿದ್ದಿತ್ತು. ಆಮೇಲೆ ತಿಳಿದದ್ದು ಇಷ್ಟು. ಮೊದಲ ಶಿಫ್ಟಿನ ಅಭ್ಯಾಸಕ್ಕೆ ನಮ್ಮವರಿಗೆ ಐದಕ್ಕೆ ಮೊದಲೇ ಎಚ್ಚರ. ಜೊತೆಗಾರನನ್ನು ಎಬ್ಬಿಸಿ ಟೀ ಕುಡಿಯೋಣ ಅಂತ, ಡ್ರೈವರ್‌ಗಳ ರೂಮು ಎಲ್ಲಿ ಅಂತ ಕಾವಲಿನವನನ್ನು ಕೇಳಿದ್ದಾರೆ. ಅವನು ಟಾರ್ಚು ಬಿಟ್ಟು ವ್ಯಾನು ತೋರಿಸಿದ್ದಾನೆ.

ನಾನು ವ್ಯಾನಿನ ಕಿಟಕಿಯ ಹತ್ತಿರ ನಿಂತೆ. ನನಗೆ ಆಗಲೂ ಬುದ್ಧಿ ಬರಲಿಲ್ಲ. ಬೆಟ್ಟ ಕಾಣ್ತಿದೆ ಬನ್ನಿ, ಬಿಸಿಲೇರಿದರೆ ಮೋಡ ಮುಚ್ಚುತ್ತೆ ಅಂದೆ. ಬೆಟ್ಟ ಅವರ ಬೆನ್ನ ಹಿಂದೆಯೇ ಇತ್ತು. ಕತ್ತು ತಿರುಗಿಸಿದ್ದರೆ ಸಾಕಿತ್ತು. ಅವರು ತಿರುಗಿಸಲಿಲ್ಲ. ಆಗ ನನಗೂ ತಡೆಯಲಾಗಲಿಲ್ಲ, ಇದೆಲ್ಲ ನಿಮ್ಮ ಕಣ್ಣಿಗೋಸ್ಕರ ತಾನೇ ಮಾಡಿದ್ದು ಅಂತ ಗಂಟಲು ಏರಿಸಿದೆ.

"ನನ್ ಕಣ್ಣು ಓಗೋದಾದ್ರೆ ಓಗ್ಲಿ," ಅಂದರು, ಡ್ರೈವರನಿಗೆ ಎಚ್ಚರವಾಗದಷ್ಟು ಮೆಲ್ಲಗೆ. "ಬೆಳಗ್ಗೆ ಎದ್ದು ಮೊದ್ಲು ನೋಡಿದ್ದು ಇವನ್ ಕಾಲು ಮಡಚ್ಕಂಡಿರೋದ್ನ. ಇದ್ನ ನೋಡಾಕೆ ಇಷ್ಟ್ ದೂರ ಬರ್ಬೇಕಾಗಿತ್ತಾ?"

ನಾನು ರೂಮಿಗೆ ಹೋಗಿ ಬಟ್ಟೆ ಮಡಚಿದೆ. ಗಾಜಿನಾಚೆ ಬೆಟ್ಟ ಇನ್ನೂ ಹಾಗೇ ಇತ್ತು, ನಾನು ಪರದೆ ಎಳೆದೆ. ಡ್ರೈವರು ಎದ್ದ ಮೇಲೆ ಅವನ ಕ್ಷಮೆ ಕೇಳಿದೆ. ಅವನು ಇಂಥದ್ದಕ್ಕೆ ಯಾರಾದರೂ ಕ್ಷಮೆ ಕೇಳುತ್ತಾರೆಯೇ ಅನ್ನುವ ಹಾಗೆ ಗಾಬರಿಯಾಗಿ, ಟೈರಿನ ಗಾಳಿ ನೋಡುವ ನೆಪ ಮಾಡಿ ಆ ಕಡೆ ಹೋದ.

ಬೆಟ್ಟದ ಬುಡಕ್ಕೆ ಹತ್ತರ ಸುಮಾರಿಗೆ ಬಂದೆವು. ಅಲ್ಲಿಂದ ಮೇಲೆ ಖಾಸಗಿ ಗಾಡಿ ಬಿಡುವುದಿಲ್ಲ, ಸರ್ಕಾರಿ ಬಸ್ಸು ಕರೆದುಕೊಂಡು ಹೋಗಿ ಕರೆದುಕೊಂಡು ಬರುತ್ತದೆ. ಭಾನುವಾರದ ಜನ. ಮೂರು ಟಿಕೆಟಿಗೆ ನಾನು ಸಾಲಿನಲ್ಲಿ ನಿಲ್ಲಲು ಹೊರಟಾಗ ನಮ್ಮವರು, ಎರಡು ಸಾಕು, ನೀವಿಬ್ಬರೂ ಹೋಗಿ ಬನ್ನಿ, ಗಾಡಿ ಹತ್ತಿರ ನಾನಿರುತ್ತೇನೆ ಅಂದರು. ಬೀಗ ಹಾಕಿದರೆ ಆಯಿತು ಅಂದೆ. ಡ್ರೈವರು ಕೈಮುಗಿದು, ಅಣ್ಣಾರ ನೀವು ಹೋಗ್ರಿ, ನಾ ಇರ್ತೇನಿ ಅಂದ. ನಮ್ಮವರು ಅವನ ಕೈಯಿಂದ ಕೀಲಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ನೀನೂ ಎಷ್ಟೋ ಸಲ ಬಂದು ಇಲ್ಲೇ ಕೂತು ಹೋದವನು, ರಾತ್ರಿ ಮಂಚ ಕೊಡಲಿಲ್ಲ, ಬೆಟ್ಟವನ್ನಾದರೂ ನೋಡಿಕೊಂಡು ಬಾ ಅಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ.

ಡ್ರೈವರನನ್ನು ಸಾಲಿಗೆ ಕಳಿಸಿ ನಾನು ಅವರ ಪಕ್ಕ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಮುಂದಿನ ವರ್ಷ ಬಂದರೆ ನಿಮಗೆ ಬೆಟ್ಟ ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ, ನನ್ನ ಮೇಲಿನ ಕೋಪಕ್ಕೆ ಇದನ್ನು ಕಳೆದುಕೊಳ್ಳಬೇಡಿ ಅಂದೆ. ನೀವು ಬರದಿದ್ದರೆ ನಾನೂ ಹೋಗುವುದಿಲ್ಲ ಅಂದೆ. ಅವರು ನನ್ನ ಮುಖಕ್ಕೆ ಮುಖ ತಂದು, ಎಡದಿಂದ ಬಲಕ್ಕೆ ನೋಡಿದರು, ಜಲಪಾತ ನೋಡಿದ ಹಾಗೆ.

"ನೀನ್ ಓಗ್ಲೇಬೇಕು," ಅಂದರು. "ಮುಂದೆ ನಂಗೆ ಕಾಣೋದು ನೀನ್ ಯೋಳಿದ್ದಷ್ಟೇ. ನಿನ್ನೆ ಇಲ್ಲದ್ ಮಂಚ ಯೋಳ್ದೆ, ನಂಗೆ ಅದೂ ಕಾಣ್ತು. ಕಬ್ಬಿಣದ್ ಮಂಚ, ಅದ್ರ್ ಮ್ಯಾಲೆ ಅವ್ನು ಮನ್ಗಿರೋದು ಎಲ್ಲಾ ಕಾಣ್ತು. ಇಂಗಾದ್ರೆ ನಾನ್ ಏನ್ ಮಾಡ್ಲಿ ಯೋಳು."

ನನ್ನ ಜೀವಮಾನದಲ್ಲಿ ಎಷ್ಟೋ ಜನ ನನ್ನನ್ನು ಬೈದಿದ್ದಾರೆ. ಸೂಪರ್‌ವೈಸರು, ಅತ್ತೆ, ಮನೆ ಓನರು. ಯಾರ ಮಾತೂ ನನಗೆ ಹೀಗೆ ನಾಟಿರಲಿಲ್ಲ. ಅವರು ಕೇಳಿದ್ದು ಒಂದು ಸುಳ್ಳಿನ ವಿಚಾರವಲ್ಲ. ಕತ್ತಲಾದ ಮೇಲೆ ಯಾರ ಕೈ ಹಿಡಿದು ನಡೆಯಬೇಕು ಅಂದುಕೊಂಡಿದ್ದರೋ, ಆ ಕೈ ಬಗ್ಗೆಯೇ ಅವರಿಗೆ ಭಯ ಹುಟ್ಟಿಬಿಟ್ಟಿತ್ತು, ಹುಟ್ಟಿಸಿದವಳು ನಾನೇ. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಸ್ಸು ಹತ್ತಿದೆ.

ಬಸ್ಸು ತಿರುವು ತಿರುವಾಗಿ ಏರಿತು. ಅರ್ಧ ದಾರಿಯಲ್ಲೇ ಮಂಜು ಕವಿಯಿತು. ಮೇಲೆ ಇಳಿದಾಗ ಹತ್ತು ಹೆಜ್ಜೆ ಮುಂದಿದ್ದ ಡ್ರೈವರನ ಬೆನ್ನು ಕೂಡ ಮಸುಕು. ಅವನು ದೇವಸ್ಥಾನದೊಳಗೆ ಹೋದ. ನಾನು ಹೋಗಲಿಲ್ಲ. ಅಂಚಿನ ಗೋಡೆಯ ಹತ್ತಿರ ನಿಂತು ನೋಡಿದೆ. ಕಣಿವೆ ಇರಬೇಕಾದಲ್ಲಿ ಕಣಿವೆ ಇಲ್ಲ, ಕಾಡಿಲ್ಲ, ಕಾಲ ಕೆಳಗೆ ಹೋಗುವ ಮೋಡವಿಲ್ಲ. ನಾವೇ ಮೋಡದ ಹೊಟ್ಟೆಯೊಳಗಿದ್ದೆವು. ಈಗ ಸರಿಯುತ್ತೆ, ಇನ್ನೊಂದು ಗಳಿಗೆಗೆ ಸರಿಯುತ್ತೆ ಅಂತ ಒಂದು ಗಂಟೆ ಕಾದೆ. ಸರಿಯಲಿಲ್ಲ. ಇಷ್ಟು ವರ್ಷ ಬಸ್ಸಿಗೆ ವಾಪಸು ಬಂದು ವರ್ಣನೆ ಮಾಡಿದವರಲ್ಲಿ ಎಷ್ಟು ಜನ ನಿಜವಾಗಿ ಕಂಡಿದ್ದರೋ, ಎಷ್ಟು ಜನ ಬೇರೆಯವರು ಹೇಳಿದ್ದನ್ನೇ ಹೇಳಿದರೋ ಅನ್ನಿಸಿತು.

ಇಳಿಯುವಾಗ ದಾರಿಯುದ್ದಕ್ಕೂ ಯೋಚಿಸಿದ್ದು ಒಂದೇ. ಏನು ಹೇಳಲಿ? ಮೋಡ ಕಾಲ ಕೆಳಗೆ ಹೋಯಿತು ಅಂದರೆ ಅವರ ಮುಖ ಅರಳುತ್ತದೆ. ಬೆಳ್ಳಗೆ, ಹತ್ತಿ ಹರಡಿದ ಹಾಗೆ, ಮಧ್ಯೆ ಒಂದು ಕಡೆ ಕಿಂಡಿ ಬಿದ್ದು ಕಾಡು ಕಾಣಿಸಿತು, ಆನೆಗಳ ಹಿಂಡು ಹೋಗುತ್ತಿತ್ತು ಅಂತ ಇನ್ನೂ ಸೇರಿಸಬಹುದು. ಮಾತು ನಾಲಿಗೆಯ ತುದಿಯಲ್ಲಿ ತಯಾರಾಗಿ ಕೂತಿತ್ತು. ಆ ಮನುಷ್ಯ ಬಿಟ್ಟುಕೊಟ್ಟಿದ್ದನ್ನು ಬಾಯಿಮಾತಿನಲ್ಲಾದರೂ ವಾಪಸು ಕೊಡೋಣ ಅನ್ನುವ ಆಸೆ ಎಷ್ಟಿತ್ತೆಂದು ಹೇಳಲಾರೆ.

ಅವರು ಅದೇ ಕಲ್ಲಿನ ಮೇಲೆ ಕೂತಿದ್ದರು. ನನ್ನ ಹೆಜ್ಜೆಯ ಸದ್ದಿಗೆ ತಲೆ ಎತ್ತಿ, ಏನು ಕಂಡಿತು ಅಂತ ಕೇಳಿದರು. ನಾನು ಎದುರಿಗೆ ನಿಂತೆ.

"ಏನೂ ಕಾಣ್ಲಿಲ್ಲ ಕಣ್ರೀ," ಅಂದೆ. "ಬರೀ ಬಿಳಿ."

ಎದ್ದು ಹೊರಡೋಣ ಅನ್ನುತ್ತಾರೆ ಅಂದುಕೊಂಡೆ. ಅವರು ಪಕ್ಕಕ್ಕೆ ಸರಿದು, ಕಲ್ಲಿನ ಮೇಲೆ ನನಗೆ ಜಾಗ ಬಿಟ್ಟರು.

"ಎಂಥಾ ಬಿಳಿ?" ಅಂದರು.